ಹೆಂಡದಂಗಡಿಯ ದೊಡ್ಡಮ್ಮ
ಮೂರು ತಲೆಮಾರಿನ ಗಂಟಲು ಒದ್ದೆ ಮಾಡಿರುವ ಮೂಲೆಯ ಹೆಂಡದಂಗಡಿಯ ಒಡತಿ ಇಡೀ ಬೀದಿಗೇ ದೊಡ್ಡಮ್ಮ. ಅವಳಿಂದ ಬೈಸಿಕೊಳ್ಳದೆ ಕುಡಿದರೆ ನಶೆಯೇ ಏರುವುದಿಲ್ಲವೆಂದು ಗಿರಾಕಿಗಳ ನಂಬಿಕೆ. "ಮುಖ ನೋಡು, ಹಿಂಡಿದ ನಿಂಬೆಹಣ್ಣು! ಹೆಂಡತಿ ಹತ್ರ ಜಗಳ ಆಡ್ಕೊಂಡು ಬಂದ್ಯಾ? ಹೋಗಿ ರಾಜಿ ಮಾಡ್ಕೊಂಡು ಬಾ, ಆಮೇಲೆ ಕೊಡ್ತೀನಿ" ಎಂದು ಬಡಗಿಯನ್ನು ಅಟ್ಟಿದರೆ, ಅವನು ರಾಜಿ ಮುಗಿಸಿ ಓಡೋಡಿ ಬರುತ್ತಾನೆ. ಈ ಬೀದಿಯ ಅರ್ಧ ಸಂಸಾರಗಳು ಉಳಿದಿರುವುದು ಬಾಯಾರಿಕೆಯ ದೆಸೆಯಿಂದ. ಅಂಗಡಿ ಮುಚ್ಚಿಸಬೇಕೆಂದು ಹಟ ಹಿಡಿದವರು ಎದುರುಮನೆಯ ಒಂಟಿ ಮೇಷ್ಟ್ರೊಬ್ಬರೇ. ದಿನಾ ಬೆಳಿಗ್ಗೆ ಅವರು ಕಿಟಕಿಯಿಂದ "ನಿನ್ನ ಅಂಗಡಿಗೆ ಬೆಂಕಿ ಹಾಕ!" ಎಂದು ಶಪಿಸಿದರೆ, ಇವಳು "ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ಹರಸುತ್ತಿದ್ದಳು. ಒಂದು ಬೆಳಿಗ್ಗೆ ಶಾಪ ಕೇಳಿಸಲಿಲ್ಲ. ದೊಡ್ಡಮ್ಮ ಬಡಗಿಯಿಂದ ಬಾಗಿಲು ಒಡೆಸಿ, ಬಚ್ಚಲಲ್ಲಿ ಬಿದ್ದಿದ್ದ ಮೇಷ್ಟ್ರನ್ನು ಕುಡುಕರ ಹೆಗಲ ಮೇಲೆ ಆಸ್ಪತ್ರೆಗೆ ಸಾಗಿಸಿದಳು. ಅವರು ಚೇತರಿಸಿಕೊಳ್ಳುವವರೆಗೂ ಅಂಗಡಿ ಮುಚ್ಚಿ ದಿನಾ ಆಸ್ಪತ್ರೆಗೆ ಊಟ ಹೊತ್ತಳು. ಮರಳಿ ಬಂದ ಮೇಷ್ಟ್ರು ಬೆಳಿಗ್ಗೆ ಕಿಟಕಿ ತೆರೆದವರು ಶಪಿಸದೆಯೇ ಮತ್ತೆ ಮುಚ್ಚಲು ಹೋದರು. "ಬೈರಿ ಮೇಷ್ಟ್ರೇ," ಎಂದಳು ದೊಡ್ಡಮ್ಮ, "ನಮ್ಮೆಜಮಾನ್ರು ಹೋದ್ಮೇಲೆ ನನ್ನ ಬೈಯೋಕೆ ಉಳಿದಿರೋದು ನೀವೊಬ್ರೇ." ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಗುಡುಗಿದರು: "ಆಸ್ಪತ್ರೆಗೆ ತಂದ ಊಟಕ್ಕೆ ಉಪ್ಪೇ ಇರ್ಲಿಲ್ಲ ಕಣೇ!"