ಅಜ್ಜಿ ನೋಡದ ನಾಟಕ

ಬೆಂಗಳೂರಿನಲ್ಲಿ ಓದುತ್ತಿದ್ದಾಗ ಊಟ ಬಿಟ್ಟಾದರೂ ನಾಟಕ ನೋಡುವವನು ನಾನು. ರಜೆಗೆ ಮಧುಗಿರಿ ಸೀಮೆಯ ನಮ್ಮ ಹಳ್ಳಿಗೆ ಬಂದಾಗಲೆಲ್ಲ ಅಜ್ಜಿಗೆ ಅಲ್ಲಿನ ಒಂದು ಹಳೆಯ ನಾಟಕಶಾಲೆಯ ವರ್ಣನೆ. ಸುರುಳಿ ಪರದೆ ಮೇಲೇಳುವಾಗ ಮೊದಲು ಪಾತ್ರಧಾರಿಯ ಕಾಲು ಕಾಣುತ್ತದೆ, ಆಮೇಲೆ ಸೆರಗು, ಮುಖ ಕೊನೆಗೆ ಎಂದರೆ ಅವಳು ರಾಗಿ ಬೀಸುವುದನ್ನೇ ನಿಲ್ಲಿಸುತ್ತಿದ್ದಳು.

"ಮುಕ ಕಾಣೋಗಂಟ ಹೆಂಗ್ಲಾ ತಡ್ಕಂಡು ಕುಂತಿರ್ತೀರಾ?"

ಆಸೆ ಹಚ್ಚಿದವನೂ ನಾನೇ, ಕರೆದುಕೊಂಡು ಹೋಗುತ್ತೇನೆ ಎಂದವನೂ ನಾನೇ. ಬಡವನಹಳ್ಳಿವರೆಗೆ ಗಾಡಿ, ಅಲ್ಲಿಂದ ಮೋಟಾರು, ತುಮಕೂರಿನಲ್ಲಿ ರೈಲು ಎಂದು ಗೊತ್ತುಮಾಡಿದೆ. ಅಲ್ಲಿ ಆಡುತ್ತಿದ್ದ ನಾಟಕ ಕಂಪನಿ ಆಗಲೇ ಗಂಟುಮೂಟೆ ಕಟ್ಟುವುದರಲ್ಲಿತ್ತು. ಆ ವಾರ ತಪ್ಪಿದರೆ ಮುಗಿಯಿತು. ಅಜ್ಜಿ ಪೆಟ್ಟಿಗೆಯ ತಳದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು, ದಾರಿಗೆಂದು ಚಕ್ಕುಲಿ ಸುಟ್ಟಳು.

ಹೊರಡುವ ದಿನ ಅಜ್ಜಿ ಗಾಡಿ ಹತ್ತಿ ಕೂತಿದ್ದಳು. ಅಷ್ಟರಲ್ಲಿ ಯಾರೋ ಒಬ್ಬ ಬಂದು ಅಂಗಳದಾಚೆಯೇ ನಿಂತ. ಅಜ್ಜಿ ನೀರು ಕುಡಿಯಪ್ಪ ಎಂದರೆ, "ಬ್ಯಾಡ್ರವ್ವ" ಎಂದ. ನಮ್ಮ ಕಡೆ ಸಾವಿನ ಸುದ್ದಿ ತಂದವನು ಹೊಸ್ತಿಲು ತುಳಿಯುವುದಿಲ್ಲ, ನೀರು ಮುಟ್ಟುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸೂತಕ, ಬೀಳುವ ತನಕ ಇಲ್ಲ. ಅಜ್ಜಿಗೆ ಇವೆರಡೂ ಚೆನ್ನಾಗಿ ಗೊತ್ತಿತ್ತು.

"ಬಾಯ್ ಬುಡಬ್ಯಾಡ ಕಣಪ್ಪಾ," ಎಂದು ಕೈ ಎತ್ತಿದಳು. "ನಾವು ನಾಟ್ಕ ನೋಡ್ಕಂಡ್ ಬತ್ತೀವಿ. ಬಂದ ಮ್ಯಾಕೆ ಹೇಳೀಯಂತೆ."

ಪಾಪ, ಅವನು ತುಟಿ ಬಿಗಿದು ನಿಂತ. ನಾನೂ ತೆಪ್ಪಗೆ ಗಾಡಿ ಹತ್ತಿದ್ದರೆ ಆಗಿತ್ತು. ಆದರೆ ತೋವಿನಕೆರೆಯಲ್ಲಿ ಅಜ್ಜಿಯ ತಂಗಿ ಹಾಸಿಗೆ ಹಿಡಿದಿದ್ದಳು. ಹೋದವಳು ಅವಳೇ ಆಗಿದ್ದರೆ, ಒಡಹುಟ್ಟಿದವಳ ಮುಖವನ್ನೂ ನೋಡದೆ ನಾಟಕಕ್ಕೆ ಹೋದಂತಾಗುತ್ತದಲ್ಲ ಎಂದು ಜೀವ ತಡೆಯಲಿಲ್ಲ.

"ಯಾರಪ್ಪಾ ಹೋದದ್ದು?" ಎಂದುಬಿಟ್ಟೆ.

ಹೋದವನು ಶಿರಾ ಕಡೆಯ ದಾಯಾದಿ. ಹೊಲದ ಬದುವಿನ ಜಗಳದಲ್ಲಿ ಅಜ್ಜಿಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ನಮ್ಮ ಮನೆಯ ಕಡೆ ತಲೆ ಹಾಕದ ಪುಣ್ಯಾತ್ಮ! ಸತ್ತಾದರೂ ಹಗೆ ತೀರಿಸಿಕೊಂಡ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಕೇಳಿದ ಬಾಯಿ ಅವನದಲ್ಲ, ನನ್ನದು.

ಅಜ್ಜಿ ಗಾಡಿಯಿಂದ ಮೆಲ್ಲಗೆ ಇಳಿದಳು. ಸೂತಕದ ಮನೆಯಲ್ಲಿ ಕರಿದದ್ದು ತಿನ್ನುವಂತಿಲ್ಲ. ಚಕ್ಕುಲಿಯ ಗಂಟನ್ನು ಬಂದವನ ಕೈಗಿಟ್ಟಳು.

"ತಗಳಪ್ಪ. ದಾರಿಗೇಂತ ಸುಟ್ಟಿದ್ದು, ದಾರಿಗೇ ಹೋಗ್ಲಿ." ಆಮೇಲೆ ನನ್ನತ್ತ ತಿರುಗಿ, "ತಲೆ ಮ್ಯಾಲೆ ನೀರು ಉಯ್ಕಾ ಹೋಗ್ಲಾ," ಎಂದಳು.

ಅಷ್ಟೇ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಸೂತಕ ಕಳೆಯುವಷ್ಟರಲ್ಲಿ ಕಂಪನಿ ಊರು ಬಿಟ್ಟಿತ್ತು. ಮುಂದೆ ಬೇರೆ ಕಂಪನಿ ಅದೇ ನಾಟಕಶಾಲೆಗೆ ಬರುವ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಪೊರೆ ಕವಿದಿತ್ತು. ಆದರೂ ಹೋಗೋಣ, ಹಾಡನ್ನಾದರೂ ಕೇಳುವೆಯಂತೆ ಎಂದೆ. ಅವಳು ನನ್ನ ಕೈ ತಡವಿ ಹಿಡಿದುಕೊಂಡಳು.

"ಮುಕ ಕಾಣದಿದ್ರೆ ಹೋಗ್ಲಿ," ಎಂದಳು. "ಪರ್ದೆ ಎದ್ದಾಗ ಆ ಕಾಲೊಂದು ಕಂಡಿದ್ರೂ ಸಾಕಾಗಿತ್ತು ಕಣ್ಲಾ."