ಗುವಾಹಟಿಗೆ ಅರವತ್ತು ನಿಂಬೆಹಣ್ಣು

ಕಲ್ಯಾಣದುರ್ಗದ ಗಂಗಾದೇವಿಗೆ ಭೂಮಿಯ ಮೇಲೆ ಇದ್ದ ಶತ್ರು ಒಂದೇ, ಬಸ್ಸು. ಮಗ್ಗದ ಮನೆಯನ್ನೂ ಮಗ್ಗದ ಮುಂದೆ ಕೂತ ಗಂಡ ಕೇಶವಯ್ಯನನ್ನೂ ಗದರಿಕೆಯಲ್ಲೇ ಆಳಿದ ಈ ಚಕ್ರವರ್ತಿನಿ, ಬಸ್ಸು ಹೊರಟೊಡನೆ ಕಿಟಕಿಯಾಚೆ ತಲೆ ಹಾಕಿ ವಾಂತಿಗೆ ಶರಣಾಗುತ್ತಿದ್ದಳು. ಮೂಸಲು ನಿಂಬೆಹಣ್ಣು ಬೇಕೇ ಬೇಕು. ಹಾಗಾಗಿ ಅವಳು ದೂರ ಅಳೆಯುತ್ತಿದ್ದುದೂ ನಿಂಬೆಹಣ್ಣಿನಲ್ಲೇ. ಬ್ರಹ್ಮಸಮುದ್ರ ಒಂದು ಹಣ್ಣು. ತಂಗಿ ಶೋಭಾರಾಣಿಯ ಹಿಂದೂಪುರ ಮೂರು ಹಣ್ಣು. ಅದರಾಚೆಗೂ ಲೋಕವಿದೆ ಎಂದು ಕೇಳಿಬಲ್ಲಳು, ಅಷ್ಟೆ.

ಆ ಲೋಕದ ತುದಿಯಲ್ಲಿ, ಗುವಾಹಟಿಯಲ್ಲಿ, ಮಿಲಿಟರಿ ಅಳಿಯನ ಜೊತೆ ಮಗಳು ಬನಶ್ರೀ ಇದ್ದಳು. ಈಗ ತುಂಬಿದ ಬಸುರಿ. ಬಾಣಂತನಕ್ಕೆ ಅಮ್ಮನೇ ಬರಬೇಕೆಂದು ಫೋನಿನಲ್ಲಿ ಅತ್ತಳು. ಕೇಶವಯ್ಯ ವಿಚಾರಿಸಿ ಬಂದ: ಬೆಂಗಳೂರಿಂದ ವಿಮಾನ, ನೇರ ದಾರಿ ಎರಡು ಸಾವಿರ ಕಿಲೋಮೀಟರ್, ಮೂರು ಗಂಟೆ. ಗಂಗಾದೇವಿಯ ಕಿವಿಗೆ ಗಂಟೆ ಬೀಳಲೇ ಇಲ್ಲ. ಹಿಂದೂಪುರದ ನೂರು ಕಿಲೋಮೀಟರಿಗೆ ಮೂರಾದರೆ ಎರಡು ಸಾವಿರಕ್ಕೆ ಅರವತ್ತು ಹಣ್ಣು ಎಂದಳು. ಅವನು ವಾದಿಸದೆ ಒಂದು ಚೀಲ ತಂದ.

ಮೊದಲ ಯುದ್ಧ ಹಿಂದೂಪುರದವರೆಗೆ. ಎಂದಿನಂತೆ ಬಸ್ಸೇ ಗೆದ್ದಿತು. ತಂಗಿಯ ಮನೆಯ ಚಾಪೆಯ ಮೇಲೆ ಬಿದ್ದುಕೊಂಡು, ಇಲ್ಲಿಂದ ಮುಂದಕ್ಕೆ ಬರುವುದಿಲ್ಲ ಎಂದು ಘೋಷಿಸಿದಳು.

"ವಿಮಾನದಾಗೂ ಮೂರೇ ಗಂಟೆ ಕಣೆ. ಈಗ ಬಂದ್ಯಲ್ಲ, ಅಷ್ಟೇಯ," ಎಂದ ಕೇಶವಯ್ಯ.

"ಹೊಟ್ಟೆ ಏನು ಗಡಿಯಾರ ನೋಡ್ತದೇನ್ರೀ? ದಾರಿ ನೋಡ್ತದೆ."

ಶೋಭಾರಾಣಿ ಟೀ ಲೋಟ ಮುಂದಿಟ್ಟು, ತಣ್ಣಗೆ ಅಂದಳು: "ಮಲಗಿರಕ್ಕ. ನಾನೇ ಹೋಯ್ತೀನಿ. ಕೂಸನ್ನ ಕಾಲ್ಮೇಲೆ ಹಾಕ್ಕಂಡು ನೀರು ಎರೆಯಕೆ ನಂಗೇನು ಬರಕಿಲ್ವಾ?"

ಗಂಗಾದೇವಿ ಎದ್ದು ಕೂತು, ತಲೆಗೂದಲು ಬಿಗಿದು ಕಟ್ಟಿಕೊಂಡಳು. ತನ್ನ ಮೊಮ್ಮಗುವಿಗೆ ಬೇರೆಯವಳು ನೀರೆರೆಯುವುದೆಂದರೇನು!

ಬೆಂಗಳೂರಿನವರೆಗೆ ಮತ್ತೆ ಬಸ್ಸು, ಮತ್ತೆ ಮೂರು ಹಣ್ಣು. ವಿಮಾನದಲ್ಲಿ ಎರಡೂ ಕೈಯಲ್ಲಿ ಹಣ್ಣು ಹಿಡಿದು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಶತ್ರುವಿಗೆ ಕಾದಳು. ಶತ್ರು ಬರಲಿಲ್ಲ, ನಿದ್ದೆ ಬಂತು. ಎಚ್ಚರವಾದಾಗ ವಿಮಾನ ನಿಂತಿತ್ತು. ಜನ ಚೀಲ ಇಳಿಸುತ್ತಿದ್ದರು. ಏಳಹೊರಟ ಗಂಡನ ಅಂಗಿ ಜಗ್ಗಿದಳು.

"ಕೂತ್ಕೊಳ್ರಿ. ಟೀ ಕುಡಿಯಕೆ ನಿಲ್ಸವ್ರೆ. ಎದ್ರೆ ಸೀಟು ಹೋಯ್ತದೆ."

ಊರು ಬಂತೆಂದು ಅವನೂ ಹೇಳಿದ, ವಿಮಾನದ ಹುಡುಗಿಯೂ ಕೈಮುಗಿದು ಹೇಳಿದಳು. ಗಂಗಾದೇವಿ ನಂಬಲಿಲ್ಲ. ಹೊಟ್ಟೆ ಒಮ್ಮೆಯೂ ಮಿಸುಕಿರಲಿಲ್ಲ. ಇನ್ನು ದೂರ ಬಂದದ್ದಾದರೂ ಹೇಗೆ? ಎಲ್ಲರೂ ಇಳಿದು ವಿಮಾನ ಖಾಲಿಯಾದ ಮೇಲೆ ಗೊಣಗುತ್ತ ಎದ್ದಳು.

ವಿಮಾನ ನಿಲ್ದಾಣದ ಬಾಗಿಲಾಚೆ ಬನಶ್ರೀ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ಕಣ್ಣು ತುಂಬಿಕೊಂಡು. ಗಂಗಾದೇವಿ ಅವಳ ಹೊಟ್ಟೆ ಸವರಿ, ಕೆನ್ನೆ ಒರೆಸಿ, ಅದಾದ ಮೇಲೆ ಬೈದಳು:

"ಹಿಂದೂಪುರಕ್ಕಿಂತ ಹತ್ರದಾಗೆ ಕುಂತ್ಕಂಡು, ಒಂದು ಉಗಾದಿಗಾದ್ರೂ ಮನೆಗೆ ಬರಕಾಗಕಿಲ್ವೇನೆ ನಿಂಗೆ?"