ಹೂಂ ಅನ್ನದ ದೊಡ್ಡಮ್ಮ

ನಮ್ಮೂರು ಶಿವನಿಯಿಂದ ತಮ್ಮ ಕಳಿಸಿದ ಕೊಬ್ಬರಿ ಚೀಲವನ್ನು ಇವತ್ತು ಬೆಳಿಗ್ಗೆ ಬಿಚ್ಚಿದೆ ನೋಡಿ, ಕಡೂರಿನ ಈ ಪುಟ್ಟ ಅಡುಗೆಮನೆ ತುಂಬ ಹಳೇ ಅಟ್ಟದ ವಾಸನೆ. ಒಣಗಿದ ಸಿಪ್ಪೆ, ಚೂರು ಹೊಗೆ, ಎಣ್ಣೆಯ ಸಿಹಿ... ಅದರ ಹಿಂದೆಯೇ ನಮ್ಮೂರಿನ ಪಕ್ಕದ ಮನೆ ದೊಡ್ಡಮ್ಮ ನೆನಪಾಗಿ ಬಂದು ಕೂತಳು. ಒಳ್ಳೆಯ ಹೊತ್ತಿಗೇ ಬಂದಳು.

ಸಂಜೆಯೊಳಗೆ ವಿಶೇಷಾಂಕಕ್ಕೆ ಕಥೆ ಕಳಿಸಬೇಕಿತ್ತು. ತೋಟ ಪಾಲಾದ ಮೇಲೆ ಮಾತು ಬಿಟ್ಟ ಅಕ್ಕ ತಂಗಿಯರ ಕಥೆ. ಕೊನೆ ಹೊಳೆಯದೆ ಒದ್ದಾಡಿ, ಹೋಗಲಿ ಅಂತ ಎಐಯನ್ನು ಕೇಳಿದ್ದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಟ್ಟಿತ್ತು. ಸಂಜೆಬಿಸಿಲು, ತೆಂಗಿನ ನೆರಳು, ಅಪ್ಪುಗೆ, ಕಣ್ಣೀರು. ನಾನು ಬರೆದದ್ದೇನು ತೋರಿಸಿದರೂ 'ಅದ್ಭುತವಾಗಿದೆ' ಅನ್ನುತ್ತಿತ್ತು ಬೇರೆ. ಹೊಗಳಿಕೆ ಯಾರಿಗೆ ಬೇಡ? ಆ ಕೊನೆಯನ್ನೇ ಕಳಿಸುವುದೆಂದು ಹೆಚ್ಚುಕಮ್ಮಿ ತೀರ್ಮಾನಿಸಿಬಿಟ್ಟಿದ್ದೆ.

ದೊಡ್ಡಮ್ಮ ಹಾಗೆ ಸುಲಭಕ್ಕೆ ಒಪ್ಪುವವಳಲ್ಲ. ಕರಟ ಬಿಡಿಸಿ ಕೊಬ್ಬರಿ ತೆಗೆಯುವ ದಿನಗಳಲ್ಲಿ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಕಥೆ ಹೇಳುವವಳು ನಾನು, ಮಾತು ಮಾತಿಗೂ 'ಹೂಂ' ಅನ್ನುವವಳು ದೊಡ್ಡಮ್ಮ. ಹೂಂಗುಟ್ಟುವವರಿಲ್ಲದೆ ನಮ್ಮ ಕಡೆ ಯಾರೂ ಕಥೆ ಹೇಳುತ್ತಿರಲಿಲ್ಲ. ಅವಳ ಹೂಂ ನಿಂತಿತೆಂದರೆ ಕಥೆ ಕೆಟ್ಟಿತು ಅಂತಲೇ ಲೆಕ್ಕ.

ಒಂದು ಸಲ ಬುಕ್ಕಾಂಬುಧಿ ಕೆರೆಯಲ್ಲಿ ಮುಳುಗಿದ ಸೊಸೆಯೊಬ್ಬಳನ್ನು ನೀರೊಳಗೇ ಈಜಿಸಿ ಎಲ್ಲೋ ದೂರದ ಬೆಟ್ಟದ ಹೆಬ್ಬೆ ಜಲಪಾತದಲ್ಲಿ ಮೇಲೆಬ್ಬಿಸಿದ್ದೆ. ಅಷ್ಟು ದೊಡ್ಡ ಸುಳ್ಳಿಗೂ ದೊಡ್ಡಮ್ಮ ಹೂಂ, ಹೂಂ ಅಂದಳು. ಆಮೇಲೆ ಸೊಸೆ ಮನೆಗೆ ಬಂದು ಅತ್ತೆಯ ಕಾಲು ಹಿಡಿದು ಅತ್ತಳು ಅಂದೆ. ಹೂಂ ಇಲ್ಲ, ಕರಟ ಬಿಡಿಸುವ ಮಚ್ಚಿನ ಸದ್ದು ಮಾತ್ರ. ಇನ್ನೂ ಜೋರಾಗಿ ಅಳಿಸಿದೆ. ಊಹೂಂ...

"ಯಾಕ್ ದೊಡ್ಡಮ್ಮ?"

"ಹೆಬ್ಬೆ ನೋಡ್ಕಂಡ್ ಬಂದೋಳು ಯಾಕ್ ಅಳ್ತಾಳೆ ಕಣೇ? ಅವ್ಳಿಗೇನ್ ಬೇಕು ಅಂತ ಅವ್ಳನ್ನೇ ಕೇಳು."

ಕೇಳಿದೆ. ಸೊಸೆ ಬಾಗಿಲಲ್ಲೇ ನಿಂತು ಒದ್ದೆ ಸೀರೆ ಹಿಂಡುತ್ತಾ, 'ಅತ್ತೇ, ನೀವೂ ಬತ್ತೀರಾ?' ಅಂದಳು. ದೊಡ್ಡಮ್ಮನ ಹೂಂ ಬೀದಿಗೂ ಕೇಳಿಸಿತು. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಇವತ್ತು ಕೊಬ್ಬರಿ ಪಕ್ಕಕ್ಕಿಟ್ಟು ಎಐ ಬರೆದ ಕೊನೆಯನ್ನು ಗಟ್ಟಿಯಾಗಿ ಓದಿದೆ. ಅಪ್ಪುಗೆಯ ಹತ್ತಿರ ಬರುತ್ತಿದ್ದಂತೆ ನೆನಪಿನಲ್ಲಿ ಕೂತಿದ್ದ ದೊಡ್ಡಮ್ಮ ಸುಮ್ಮನಾದಳು. ಅಳಿಸಿ ಹಾಕಿದೆ. ತಂಗಿಗೇನು ಬೇಕು? ತಂಗಿ ಬೇಲಿ ದಾಟಿ ಬಂದು ಅಕ್ಕನ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡಳು. ಅಕ್ಕ ನೋಡುತ್ತಿದ್ದಾಳೆಂದು ಗೊತ್ತಿದ್ದೇ ನಿಧಾನವಾಗಿ ನಡೆದಳು. ಬೈಯಲಿ ಅಂತ. ಬೈದರೆ ಮಾತಾಡಿದ ಹಾಗಾಯಿತಲ್ಲ! ಇತ್ತ ನನ್ನ ಒಲೆಯ ಮೇಲೆ ಹಾಲು ಉಕ್ಕಿತು, ಉಕ್ಕಲಿ ಅಂತ ಬಿಟ್ಟೆ. ಇಷ್ಟು ವರ್ಷ ಬರೆದ ಮೇಲೂ ಹೀಗಾಗುತ್ತದಲ್ಲ ಅಂತ ಒಬ್ಬಳೇ ನಕ್ಕೆ.

ಹೊಸ ಕೊನೆಯನ್ನೂ ಎಐಗೆ ತೋರಿಸಿದೆ. ಅದನ್ನೂ ಅದ್ಭುತ ಅಂದಿತು, ಪಾಪ.

ಕಥೆ ಕಳಿಸಿ ಸುಮಾರು ಹೊತ್ತು ಕಾದು ಕೂತೆ. ದೊಡ್ಡಮ್ಮ ತೀರಿಕೊಂಡು ಬಹಳ ವರ್ಷಗಳಾದವು... ಬೆಳಿಗ್ಗೆ ಅವಳು ಸುಮ್ಮನಾದದ್ದು ನನಗೆ ಕೇಳಿಸಿತ್ತು. ಹೊಸ ಕೊನೆಗೆ ಹೂಂ ಅಂದದ್ದು ಮಾತ್ರ ಕೇಳಿಸಲಿಲ್ಲ.